ಕರಿ ಅಕ್ಷರ ಸರಿ, ಕೆಂಪಕ್ಷರ ಮಸುಕು: ಲಿನಕ್ಸ್ ಲ್ಯಾಪ್‌ಟಾಪ್ ಮತ್ತು ಹೊರ ಮಾನಿಟರಿನ ಒಂದು ಪ್ರಕರಣ

ಕರಡು ತಿದ್ದುವ ಕೆಲಸ ಮಾಡುವ ಒಬ್ಬರಿಂದ ಬಂದ ದೂರು ಇದು. "ಲ್ಯಾಪ್‌ಟಾಪಿನ ಪರದೆಯಲ್ಲಿ ಅಕ್ಷರ ಕಡೆದಿಟ್ಟ ಹಾಗಿದೆ. ಹೊಸ ಮಾನಿಟರಿನಲ್ಲಿ ಒದ್ದೆ ಕಾಗದದ ಮೇಲೆ ಬರೆದ ಹಾಗಿದೆ. ಅರ್ಧ ಗಂಟೆ ನೋಡಿದರೆ ಕಣ್ಣು ಉರಿಯುತ್ತದೆ." ಅವರ ಹೆಸರು, ಲ್ಯಾಪ್‌ಟಾಪಿನ ಮಾದರಿ, ಮಾನಿಟರಿನ ಕಂಪನಿ ಯಾವುದನ್ನೂ ಇಲ್ಲಿ ಬರೆಯುವುದಿಲ್ಲ. ಗೊತ್ತಿರಬೇಕಾದದ್ದು ಇಷ್ಟು: 14 ಇಂಚಿನ ಲ್ಯಾಪ್‌ಟಾಪ್, ಅದರ ಪರದೆ 1920×1080. ಅದರಲ್ಲಿ ಲಿನಕ್ಸ್, ಗ್ನೋಮ್ ಡೆಸ್ಕ್‌ಟಾಪ್, ಪ್ರೋಗ್ರಾಮುಗಳ ಕಿಟಕಿಗಳನ್ನು ಪರದೆಗೆ ತರುವ ವೇಲ್ಯಾಂಡ್ ವ್ಯವಸ್ಥೆ. ಹೊರಗಿನ ಮಾನಿಟರ್ 27 ಇಂಚು, 2560×1440. ನಡುವೆ ಒಂದು ಎಚ್‌ಡಿಎಮ್‌ಐ ಕೇಬಲ್.

ನನ್ನ ಹತ್ತಿರ ಬರುವ ಹೊತ್ತಿಗೆ ಅವರು ಸುಮ್ಮನೆ ಕೂತಿರಲಿಲ್ಲ. ಫಾಂಟ್ ಮೂರು ಸಲ ಬದಲಾಗಿತ್ತು. ಅಕ್ಷರದ ಗೆರೆಗಳನ್ನು ಪರದೆಯ ಚುಕ್ಕೆಗಳ ಸಾಲಿಗೆ ಕೂರಿಸುವ ಹಿಂಟಿಂಗ್ ಕೊನೆಯ ಹಂತಕ್ಕೆ ಏರಿತ್ತು. ಮಾನಿಟರಿನ ಮೆನುವಿನಲ್ಲಿದ್ದ ಶಾರ್ಪ್‌ನೆಸ್ ನೂರಕ್ಕೆ ಹೋಗಿ, ಪ್ರತಿ ಅಕ್ಷರದ ಸುತ್ತ ಸೀಮೆಸುಣ್ಣದಲ್ಲಿ ಗೆರೆ ಎಳೆದಂತೆ ಬಿಳಿ ಅಂಚು ಕಾಣುತ್ತಿತ್ತು. ಇನ್ನೊಂದು ಕೇಬಲ್ ಕೂಡ ಹಾಕಿ ನೋಡಿಯಾಗಿತ್ತು. ಇದರಲ್ಲಿ ಒಂದನ್ನೂ ಹಿಂದಕ್ಕೆ ತಂದಿರಲಿಲ್ಲ. ಹಾಗಾಗಿ ನನ್ನ ಮೊದಲ ಕೆಲಸ ದುರಸ್ತಿಯಾಗಿರಲಿಲ್ಲ, ಮಾಡಿದ್ದನ್ನೆಲ್ಲ ಅಳಿಸುವುದಾಗಿತ್ತು. ಫಾಂಟಿನ ಸೆಟ್ಟಿಂಗುಗಳನ್ನು ಮೂಲಕ್ಕೆ ತಂದೆವು, ಮಾನಿಟರನ್ನು ಫ್ಯಾಕ್ಟರಿ ರೀಸೆಟ್ ಮಾಡಿದೆವು. ಇದಕ್ಕೆ ಹತ್ತು ನಿಮಿಷ ಹಿಡಿಯಿತು. ಮಾಡದಿದ್ದರೆ ಮುಂದೆ ಕಂಡ ಪ್ರತಿಯೊಂದಕ್ಕೂ ನಾಲ್ಕು ಕಾರಣ ಹುಡುಕಬೇಕಾಗುತ್ತಿತ್ತು.

ಅವರ ಹತ್ತಿರ ಒಂದು ಸಾಕ್ಷ್ಯವೂ ಇತ್ತು. ಮನೆಯವರ ಇನ್ನೊಂದು ಲ್ಯಾಪ್‌ಟಾಪನ್ನು ಇದೇ ಮಾನಿಟರಿಗೆ ಹಾಕಿದರೆ ಅಕ್ಷರ ನಿಚ್ಚಳ. ಅದರಲ್ಲಿರುವುದು ಬೇರೆ ಆಪರೇಟಿಂಗ್ ಸಿಸ್ಟಮ್. "ಅಂದಮೇಲೆ ಮಾನಿಟರ್ ಸರಿಯಾಗಿದೆ, ಲಿನಕ್ಸಿನ ಫಾಂಟೇ ಹೀಗೆ" ಎಂಬ ತೀರ್ಮಾನಕ್ಕೆ ಅವರು ಬಂದಿದ್ದರು. ನಾನೂ ಅದನ್ನು ಅರ್ಧ ಒಪ್ಪಿಕೊಂಡೆ. ಆ ಇನ್ನೊಂದು ಲ್ಯಾಪ್‌ಟಾಪ್ ಯಾವ ಕೇಬಲಿನಲ್ಲಿ, ಮಾನಿಟರಿನ ಯಾವ ಪೋರ್ಟಿಗೆ ಹೋಗುತ್ತಿತ್ತು ಎಂದು ಕೇಳಬೇಕೆಂದು ಆಗ ನನಗೆ ಹೊಳೆಯಲೇ ಇಲ್ಲ.

ಮೊದಲ ಸಂಜೆ

ಮಸುಕು ಎಂದರೆ ಎಲ್ಲರೂ ಮೊದಲು ನೋಡುವುದು ರೆಸಲ್ಯೂಷನ್. ಎಲ್‌ಸಿಡಿ ಪರದೆಯ ಚುಕ್ಕೆಗಳು ಜಾಗ ಬದಲಿಸುವುದಿಲ್ಲ. 2560 ಚುಕ್ಕೆಯ ಸಾಲಿಗೆ 1920ರ ಚಿತ್ರ ಕಳಿಸಿದರೆ ಮಾನಿಟರ್ ಅದನ್ನು ಎಳೆದು ಹಿಗ್ಗಿಸುತ್ತದೆ, ಎಳೆದದ್ದು ಮಸುಕಾಗುತ್ತದೆ. ಸೆಟ್ಟಿಂಗ್ಸ್ 2560×1440 ಎನ್ನುತ್ತಿತ್ತು. ಅದು ಕಂಪ್ಯೂಟರಿನ ಹೇಳಿಕೆ. ಮಾನಿಟರಿನ ಗುಂಡಿ ಒತ್ತಿ ಅದರದೇ ಮಾಹಿತಿ ಪುಟ ತೆರೆಸಿದೆ, ಅಲ್ಲೂ 2560×1440, 60 ಹರ್ಟ್ಜ್ ಎಂದಿತ್ತು. ಕಳಿಸಿದವರು, ಪಡೆದವರು ಇಬ್ಬರ ಲೆಕ್ಕವೂ ತಾಳೆಯಾದ್ದರಿಂದ ಆ ದಾರಿ ಅಲ್ಲಿಗೆ ಮುಗಿಯಿತು. ಹಳೆಯ ವಿಜಿಎ ಕೇಬಲ್ ಆಗಿದ್ದರೆ ಮಾನಿಟರಿನ ಆಟೋ ಅಡ್ಜಸ್ಟ್ ಒತ್ತಿ ನೋಡಬೇಕಿತ್ತು, ಟಿವಿಯಾಗಿದ್ದರೆ ಓವರ್‌ಸ್ಕ್ಯಾನ್ ನೋಡಬೇಕಿತ್ತು. ಇಲ್ಲಿ ಎರಡಕ್ಕೂ ಆಸ್ಪದವಿರಲಿಲ್ಲ.

ಆಮೇಲೆ ಒಂದು ಸ್ಕ್ರೀನ್‌ಶಾಟ್ ತೆಗೆದು ಕಳಿಸಿ ಎಂದೆ. ಅವರಿಗೆ ಇದು ವಿಚಿತ್ರವಾಗಿ ಕಂಡಿತು. ಮಾನಿಟರ್ ಕೆಟ್ಟಿದ್ದರೆ ಸ್ಕ್ರೀನ್‌ಶಾಟಿನಲ್ಲಿ ಏನು ಕಾಣುತ್ತದೆ? ಏನೂ ಕಾಣುವುದಿಲ್ಲ, ನನಗೆ ಬೇಕಾಗಿದ್ದೂ ಅದೇ. ಸ್ಕ್ರೀನ್‌ಶಾಟ್ ಎಂದರೆ ಚಿತ್ರ ಕೇಬಲಿಗೆ ಇಳಿಯುವ ಮೊದಲೇ ಕಂಪ್ಯೂಟರಿನ ಒಳಗಿಂದ ತೆಗೆದ ಪ್ರತಿ. ಅದನ್ನು ಬೇರೆ ಪರದೆಯಲ್ಲಿ ನೋಡಿದಾಗಲೂ ಮಸುಕು ಕಂಡರೆ ತಪ್ಪು ಒಳಗಿದೆ. ನಿಚ್ಚಳವಾಗಿದ್ದರೆ ತಪ್ಪು ಇರುವುದು ಅಲ್ಲಿಂದ ಮುಂದೆ: ಗ್ರಾಫಿಕ್ಸಿನಿಂದ ಹೊರಡುವ ಸಿಗ್ನಲ್, ಕೇಬಲ್, ಮಾನಿಟರ್.

ಬಂದ ಚಿತ್ರವನ್ನು ನಾಲ್ಕು ಪಟ್ಟು ಹಿಗ್ಗಿಸಿ ನೋಡಿದೆ. ಟರ್ಮಿನಲಿನ ಅಕ್ಷರಗಳು ಚೊಕ್ಕ. ಪಕ್ಕದಲ್ಲೇ ತೆರೆದಿದ್ದ, ಅವರು ದಿನವಿಡೀ ಬಳಸುವ ಎಡಿಟರಿನ ಅಕ್ಷರಗಳ ಸುತ್ತ ಮಾತ್ರ ಬೂದಿ ಎರಚಿದ ಹಾಗೆ. ಒಂದೇ ಚಿತ್ರ, ಒಂದೇ ಪರದೆ, ಎರಡು ಕಿಟಕಿ, ಎರಡು ಬಗೆ. ಇಷ್ಟಾದ ಮೇಲೆ ಸ್ಕೇಲಿಂಗಿನ ಮೇಲೆ, ಅಂದರೆ ಪರದೆಯ ಮೇಲಿನದನ್ನೆಲ್ಲ ದೊಡ್ಡದಾಗಿ ತೋರಿಸುವ ಸೆಟ್ಟಿಂಗಿನ ಮೇಲೆ, ಅನುಮಾನ ಬರಲು ಕಷ್ಟವಾಗಲಿಲ್ಲ. ಹೊರ ಮಾನಿಟರಿಗೆ ಅವರು 125 ಪ್ರತಿಶತ ಇಟ್ಟಿದ್ದರು.

ವೇಲ್ಯಾಂಡನ್ನು ಬಲ್ಲ ಪ್ರೋಗ್ರಾಮುಗಳು ಆ 125ಕ್ಕೆ ಹೊಂದಿಕೊಂಡು ಚಿತ್ರ ಬರೆಯುತ್ತವೆ. ಹಳೆಯ ಎಕ್ಸ್11 ರೀತಿಯಲ್ಲಿ ಬರೆದ ಪ್ರೋಗ್ರಾಮುಗಳು ಎಕ್ಸ್‌ವೇಲ್ಯಾಂಡ್ ಎಂಬ ದುಭಾಷಿಯ ಮೂಲಕ ಬರುತ್ತವೆ, ಅವುಗಳಿಗೆ 125ರ ಸುದ್ದಿ ತಲುಪುವುದಿಲ್ಲ. ಅವು ನೂರರಲ್ಲೇ ಬರೆದು ಕೊಡುತ್ತವೆ, ಡೆಸ್ಕ್‌ಟಾಪ್ ಆ ಚಿತ್ರವನ್ನು ಹಿಗ್ಗಿಸಿ ನಾಲ್ಕು ಪಿಕ್ಸೆಲಿನ ಜಾಗದಲ್ಲಿ ಐದು ತುಂಬಿಸುತ್ತದೆ. ಅಕ್ಷರದ ಕಾಲಿನ ದಪ್ಪ ಒಂದು ಪಿಕ್ಸೆಲ್ ಇದ್ದದ್ದು ಒಂದೂಕಾಲು ಆಗಬೇಕು. ಕಾಲು ಪಿಕ್ಸೆಲ್ ಎಂಬುದು ಪರದೆಯ ಮೇಲೆ ಇಲ್ಲವಾದ್ದರಿಂದ ಆ ಕಾಲು ಪಕ್ಕದ ಪಿಕ್ಸೆಲಿನಲ್ಲಿ ಬೂದು ಬಣ್ಣವಾಗಿ ಕೂರುತ್ತದೆ.

ಯಾವ ಕಿಟಕಿ ಯಾವ ಗುಂಪಿನದು ಎಂದು ತಿಳಿಯಲು ಒಂದು ಮೋಜಿನ ಉಪಾಯವಿದೆ. ಎಕ್ಸ್‌ಐಸ್ ಎಂಬ ಪುಟ್ಟ ಪ್ರೋಗ್ರಾಮಿನಲ್ಲಿ ಎರಡು ಕಣ್ಣುಗುಡ್ಡೆಗಳು ಮೌಸ್ ಹೋದ ಕಡೆ ತಿರುಗುತ್ತವೆ. ಮೌಸನ್ನು ಎಡಿಟರಿನ ಮೇಲೆ ಆಡಿಸಿದಾಗ ಕಣ್ಣುಗಳು ಹಿಂಬಾಲಿಸಿದವು. ಟರ್ಮಿನಲಿನ ಮೇಲೆ ಹೋದ ಕೂಡಲೇ ಹಾಗೇ ನಿಂತವು. ವೇಲ್ಯಾಂಡ್ ಕಿಟಕಿಯ ಮೇಲಿನ ಮೌಸ್ ಎಕ್ಸ್ ಪ್ರೋಗ್ರಾಮಿಗೆ ಕಾಣುವುದೇ ಇಲ್ಲ. ಎಡಿಟರ್ ಎಕ್ಸ್‌ವೇಲ್ಯಾಂಡಿನದೇ ಎಂದು ಖಾತ್ರಿಯಾಯಿತು.

ಎದುರಿಗೆ ಮೂರು ದಾರಿಗಳಿದ್ದವು. ಎಡಿಟರನ್ನೇ ವೇಲ್ಯಾಂಡ್ ರೀತಿಯಲ್ಲಿ ಓಡಿಸುವುದು ಮೊದಲನೆಯದು, ಆದರೆ ಅವರ ಆವೃತ್ತಿಯಲ್ಲಿ ಅದು ಇರಲಿಲ್ಲ. ಡೆಸ್ಕ್‌ಟಾಪನ್ನು ಹೊಸತಾಗಿಸುವುದು ಎರಡನೆಯದು. ಹಳೆಯ ಪ್ರೋಗ್ರಾಮುಗಳು ತಾವೇ ಸ್ಕೇಲ್ ಮಾಡಿಕೊಳ್ಳಲು ಬಿಡುವ ಆಯ್ಕೆ ಇನ್ನೊಂದು ಡೆಸ್ಕ್‌ಟಾಪಾದ ಕೆಡಿಇ ಪ್ಲಾಸ್ಮಾದಲ್ಲಿ 2022ರ 5.26ರಲ್ಲಿ ಬಂತು, ಗ್ನೋಮ್‌ನಲ್ಲಿ 2024ರ 47ನೇ ಆವೃತ್ತಿಯಲ್ಲಿ ಪ್ರಾಯೋಗಿಕವಾಗಿ ಬಂತು. ಅವರದು ಅದಕ್ಕಿಂತ ಹಳೆಯದು, ಕೈಯಲ್ಲಿ ಕೆಲಸವಿರುವಾಗ ಸಿಸ್ಟಮ್ ಮೇಲೇರಿಸಲು ಅವರು ಒಪ್ಪಲಿಲ್ಲ. ನಾನಾಗಿದ್ದರೂ ಒಪ್ಪುತ್ತಿರಲಿಲ್ಲ. ಮೂರನೆಯದು ಬಡವರ ದಾರಿ: ಸ್ಕೇಲಿಂಗನ್ನು ನೂರಕ್ಕೆ ಇಳಿಸಿ, ಅಕ್ಷರದ ಗಾತ್ರವನ್ನು ಮಾತ್ರ 1.25 ಪಟ್ಟು ಮಾಡುವುದು. ಆಗ ಹಿಗ್ಗಿಸುವ ಮಾತೇ ಇಲ್ಲ, ಅಕ್ಷರವೇ ದೊಡ್ಡದಾಗಿ ಹುಟ್ಟುತ್ತದೆ. ಗುಂಡಿ, ಐಕಾನುಗಳು ಚಿಕ್ಕವಾಗಿಯೇ ಉಳಿಯುತ್ತವೆ. ಓದುವುದೇ ಕೆಲಸವಾದವರಿಗೆ ಆ ನಷ್ಟ ದೊಡ್ಡದಲ್ಲ ಎಂದು ಅದನ್ನೇ ಆರಿಸಿದೆವು.

ಬೂದು ಹೋಯಿತು. ಗೆದ್ದೆವೆಂದು ಫೋನ್ ಇಟ್ಟೆ.

ಹಾಳಾದ ಎರಡು ಸಂಜೆ

ಮೂರು ದಿನ ಬಿಟ್ಟು ಮತ್ತೆ ಕರೆ ಬಂತು. "ಮೊದಲಿಗಿಂತ ಎಷ್ಟೋ ವಾಸಿ, ಆದರೂ ಏನೋ ಸರಿಯಿಲ್ಲ. ಅಕ್ಷರದ ಅಂಚಿನಲ್ಲಿ ಬಣ್ಣ ಒಸರುತ್ತದೆ."

ನಾನು ತಪ್ಪಿದ್ದು ಇಲ್ಲಿ. ಅಂಚಿನಲ್ಲಿ ಬಣ್ಣ ಎಂದು ಕಿವಿಗೆ ಬಿದ್ದದ್ದೇ ತಡ, ತಲೆ ಸಬ್‌ಪಿಕ್ಸೆಲಿನ ಕಡೆಗೆ ಓಡಿತು. ಪ್ರತಿ ಪಿಕ್ಸೆಲಿನೊಳಗೆ ಕೆಂಪು, ಹಸಿರು, ನೀಲಿ ಮೂರು ಪಟ್ಟಿಗಳಿರುತ್ತವೆ. ಅಕ್ಷರದ ಅಂಚನ್ನು ನಯ ಮಾಡಲು ಕೆಲವು ಸೆಟ್ಟಿಂಗುಗಳು ಈ ಪಟ್ಟಿಗಳನ್ನು ಬಿಡಿಬಿಡಿಯಾಗಿ ಬಳಸುತ್ತವೆ. ಪಟ್ಟಿಗಳ ಕ್ರಮ ತಿರುಗಾಮುರುಗಾ ಆದರೆ ಅಂಚಿನಲ್ಲಿ ಬಣ್ಣ ಕಾಣುತ್ತದೆ. ಎಡದಿಂದ ಬಲ, ಬಲದಿಂದ ಎಡ, ಮೇಲಿಂದ ಕೆಳಗೆ ಎಂದು ಒಂದೊಂದೇ ಕ್ರಮ ಹಾಕಿ ನೋಡಿದೆವು. ಎಲ್ಲಾ ಬಿಟ್ಟು ಬರೀ ಬೂದುಛಾಯೆಗೂ ಬಂದೆವು. ಒಸರುವುದು ನಿಲ್ಲಲಿಲ್ಲ.

ಬೂದುಛಾಯೆಯಲ್ಲಿ ಅಂಚು ನಯ ಮಾಡಲು ಬಣ್ಣವನ್ನೇ ಬಳಸುವುದಿಲ್ಲ. ಆಗಲೂ ಬಣ್ಣ ಒಸರುತ್ತಿದೆ ಎಂದರೆ ಸಬ್‌ಪಿಕ್ಸೆಲಿನ ವಾದ ಅಲ್ಲಿಗೇ ಬಿದ್ದುಹೋಗಬೇಕಿತ್ತು. ನಾನು ಬೀಳಲು ಬಿಡಲಿಲ್ಲ. ಸೆಟ್ಟಿಂಗ್ ಸರಿಯಾಗಿ ಕೂತಿಲ್ಲವೇನೋ, ಲಾಗ್‌ಔಟ್ ಆಗಿ ಬನ್ನಿ, ಕ್ಯಾಶ್ ಅಳಿಸಿ ನೋಡಿ ಎಂದು ಇನ್ನೊಂದು ಸಂಜೆ ತಿಂದೆ. ಅದಕ್ಕಿಂತ ದೊಡ್ಡ ತಪ್ಪು ಇನ್ನೊಂದಿತ್ತು. ಮೊದಲ ಸಂಜೆ ಅಷ್ಟು ಚೆನ್ನಾಗಿ ದಾರಿ ತೋರಿಸಿದ ಸ್ಕ್ರೀನ್‌ಶಾಟನ್ನು ಈಗ ಮತ್ತೊಮ್ಮೆ ತೆಗೆಸಲಿಲ್ಲ. ಒಳಗೆ ಒಂದು ತಪ್ಪು ಸಿಕ್ಕಿತ್ತಲ್ಲ, ಉಳಿದದ್ದೂ ಒಳಗೇ ಇರುತ್ತದೆ ಎಂದು ಕೇಳದೆಯೇ ನಂಬಿಬಿಟ್ಟಿದ್ದೆ.

ತಿರುವು ಬಂದದ್ದು ಅವರ ಬಾಯಿಂದ. ಮಾತು ಮುಗಿಸುವ ಮುನ್ನ ಅಂದರು: "ಇರಲಿ ಬಿಡಿ, ಕರಿ ಅಕ್ಷರ ಓದಬಹುದು. ಅಳಿಸಿದ ಪದಗಳೇ ಕಷ್ಟ." ತಿದ್ದುಪಡಿಯ ಗುರುತು ತೋರಿಸುವಾಗ ಅವರ ಎಡಿಟರ್ ಅಳಿಸಿದ ಪದಕ್ಕೆ ಕೆಂಪು, ಸೇರಿಸಿದ ಪದಕ್ಕೆ ನೀಲಿ ಬಣ್ಣ ಕೊಡುತ್ತದೆ. ಅಂದರೆ ಒಸರುತ್ತಿದ್ದದ್ದು ಎಲ್ಲ ಅಕ್ಷರಗಳಲ್ಲ, ಬಣ್ಣದ ಅಕ್ಷರಗಳು ಮಾತ್ರ. ನಾನು "ಮಸುಕು ಹೇಗಿದೆ" ಎಂದು ಹತ್ತು ಸಲ ಕೇಳಿದ್ದೆ, "ಯಾವ ಅಕ್ಷರ ಮಸುಕು" ಎಂದು ಒಮ್ಮೆಯೂ ಕೇಳಿರಲಿಲ್ಲ.

ಕೂಡಲೇ ಸ್ಕ್ರೀನ್‌ಶಾಟ್ ತರಿಸಿದೆ. ಕೆಂಪು ಪದಗಳು ಅದರಲ್ಲಿ ಸೂಜಿಯ ಮೊನೆಯಂತಿದ್ದವು. ಮೊಬೈಲನ್ನು ಮಾನಿಟರಿನ ಹತ್ತಿರ ಹಿಡಿದು ಅದೇ ಪದದ ಫೋಟೊ ತೆಗೆಸಿದೆ. ಅಲ್ಲಿ ಕೆಂಪು ಎಡಬಲಕ್ಕೆ ಒಂದೊಂದು ಪಿಕ್ಸೆಲ್ ಹರಡಿ, ಅಕ್ಷರದ ಕಾಲು ಯಾವುದು ಬಯಲು ಯಾವುದು ತಿಳಿಯದಂತಾಗಿತ್ತು. ಫಾಂಟಿನ ವಿಷಯ ಅಲ್ಲಿಗೆ ಮುಗಿಯಿತು.

ಪಟ್ಟೆಗಳ ಪರೀಕ್ಷೆ

ಚಿತ್ರವನ್ನು ಕೇಬಲಿನಲ್ಲಿ ಕಳಿಸುವ ರೀತಿ ಒಂದೇ ಅಲ್ಲ. ಪ್ರತಿ ಪಿಕ್ಸೆಲಿನ ಕೆಂಪು, ಹಸಿರು, ನೀಲಿ ಅಳತೆಗಳನ್ನು ನೇರವಾಗಿ ಕಳಿಸುವುದು ಆರ್‌ಜಿಬಿ. ಬೆಳಕು ಎಷ್ಟು ಎಂಬುದನ್ನು ಬೇರೆ, ಬಣ್ಣ ಯಾವುದು ಎಂಬುದನ್ನು ಬೇರೆ ಮಾಡಿ ಕಳಿಸುವುದು ವೈಸಿಬಿಸಿಆರ್, ಇದು ಟಿವಿ ಲೋಕದಿಂದ ಬಂದದ್ದು. ನಮ್ಮ ಕಣ್ಣು ಬೆಳಕಿನ ಏರಿಳಿತವನ್ನು ಸೂಕ್ಷ್ಮವಾಗಿ ಹಿಡಿಯುತ್ತದೆ, ಬಣ್ಣದ್ದನ್ನು ಅಷ್ಟಾಗಿ ಹಿಡಿಯುವುದಿಲ್ಲ. ಅದನ್ನೇ ನೆಚ್ಚಿಕೊಂಡು ವೀಡಿಯೊದಲ್ಲಿ ಬಣ್ಣದ ಮಾಹಿತಿಯನ್ನು ಕತ್ತರಿಸುತ್ತಾರೆ. 4:4:4 ಎಂದರೆ ಕತ್ತರಿ ಇಲ್ಲ. 4:2:2 ಎಂದರೆ ಅಡ್ಡಸಾಲಿನಲ್ಲಿ ಅಕ್ಕಪಕ್ಕದ ಎರಡು ಪಿಕ್ಸೆಲಿಗೆ ಒಂದೇ ಬಣ್ಣ. 4:2:0 ಎಂದರೆ ಅಡ್ಡ ಎರಡು, ಉದ್ದ ಎರಡು, ಒಟ್ಟು ನಾಲ್ಕು ಪಿಕ್ಸೆಲಿಗೆ ಒಂದು ಬಣ್ಣ. ಚಲನಚಿತ್ರದಲ್ಲಿ ಇದು ಯಾರ ಕಣ್ಣಿಗೂ ಬೀಳುವುದಿಲ್ಲ. ಬಿಳಿಯ ಮೇಲಿನ ಕರಿ ಅಕ್ಷರದಲ್ಲೂ ಬೀಳುವುದಿಲ್ಲ, ಅಲ್ಲಿರುವುದು ಬೆಳಕಿನ ವ್ಯತ್ಯಾಸ ಮಾತ್ರ. ಒಂದು ಪಿಕ್ಸೆಲ್ ದಪ್ಪದ ಕೆಂಪಕ್ಷರ ಬಂದಾಗ ಗುಟ್ಟು ರಟ್ಟಾಗುತ್ತದೆ.

ಹೀಗೆ ಊಹಿಸಿದ್ದನ್ನು ಪರೀಕ್ಷಿಸಲು ಒಂದು ಚಿತ್ರ ಮಾಡಿದೆವು. ಎಡ ಅರ್ಧದಲ್ಲಿ ಒಂದು ಪಿಕ್ಸೆಲ್ ಕೆಂಪು, ಒಂದು ಪಿಕ್ಸೆಲ್ ನೀಲಿ, ಹೀಗೆ ನಿಂತ ಪಟ್ಟೆಗಳು. ಬಲ ಅರ್ಧದಲ್ಲಿ ಅವೇ ಬಣ್ಣಗಳ ಮಲಗಿದ ಪಟ್ಟೆಗಳು. ಚಿತ್ರವನ್ನು ಕಡ್ಡಾಯವಾಗಿ ನೂರು ಪ್ರತಿಶತದಲ್ಲೇ ತೆರೆಯಬೇಕು, ಇಲ್ಲದಿದ್ದರೆ ಚಿತ್ರ ತೋರಿಸುವ ಪ್ರೋಗ್ರಾಮೇ ಕಲಸಿಬಿಡುತ್ತದೆ. ದೂರದಿಂದ ಎರಡೂ ಅರ್ಧಗಳು ನೇರಳೆಯಾಗಿಯೇ ಕಾಣುತ್ತವೆ, ಮೊಬೈಲ್ ಕ್ಯಾಮೆರಾವನ್ನು ಪರದೆಗೆ ತೀರ ಹತ್ತಿರ ಹಿಡಿಯಬೇಕು. ಅವರು ಕಳಿಸಿದ ಫೋಟೊದಲ್ಲಿ ಮಲಗಿದ ಪಟ್ಟೆಗಳು ಕೆಂಪು, ನೀಲಿ, ಕೆಂಪು, ನೀಲಿ ಎಂದು ಎಣಿಸುವಷ್ಟು ಬಿಡಿಬಿಡಿ. ನಿಂತ ಪಟ್ಟೆಗಳ ಜಾಗದಲ್ಲಿ ಕೆಂಪೂ ಇಲ್ಲ ನೀಲಿಯೂ ಇಲ್ಲ, ಸ್ವಲ್ಪ ತಿಳಿ ಸ್ವಲ್ಪ ಗಾಢ ನೇರಳೆಯ ಗೆರೆಗಳು. ಬಣ್ಣ ಅರ್ಧವಾದದ್ದು ಅಡ್ಡಕ್ಕೆ ಮಾತ್ರ. ಇದು 4:2:2ರ ರುಜು.

ಯಾಕೆ ಹೀಗೆ? ಕೇಬಲಿನಲ್ಲಿ ಜಾಗ ಸಾಲದೆ ಕತ್ತರಿಸುವುದುಂಟು. 3840×2160ನ್ನು 60 ಹರ್ಟ್ಜ್‌ನಲ್ಲಿ ಕಳಿಸಲು ಎಚ್‌ಡಿಎಮ್‌ಐನ ವಾಡಿಕೆಯ ಲೆಕ್ಕದಲ್ಲಿ 594 ಮೆಗಾಹರ್ಟ್ಜ್ ಬೇಕು, ಎಚ್‌ಡಿಎಮ್‌ಐ 1.4ರ ಮಿತಿ 340. ಅಲ್ಲಿ ಪೂರ್ತಿ ಬಣ್ಣ ಹಿಡಿಸುವುದಿಲ್ಲ, ಬಣ್ಣ ಕತ್ತರಿಸಬೇಕು ಇಲ್ಲವೇ 30 ಹರ್ಟ್ಜ್‌ಗೆ ಇಳಿಯಬೇಕು. ನಮ್ಮದು 2560×1440. ಅದಕ್ಕೆ 241.5 ಮೆಗಾಹರ್ಟ್ಜ್ ಸಾಕು, ಹಳೆಯ 1.4ರಲ್ಲೂ ಆರಾಮಾಗಿ ಹಿಡಿಸುತ್ತದೆ. ಎರಡನೇ ಕೇಬಲ್ ಹಾಕಿದಾಗ ಏನೂ ಬದಲಾಗದ್ದಕ್ಕೆ ಇದೇ ಕಾರಣ.

ಮಾನಿಟರುಗಳು ಕಂಪ್ಯೂಟರಿಗೆ ತಮ್ಮ ಪರಿಚಯ ಹೇಳಿಕೊಳ್ಳುವ ಒಂದು ಚಿಕ್ಕ ಕಡತವಿದೆ, ಇಡಿಐಡಿ ಎನ್ನುತ್ತಾರೆ. ಮೂಲ ಭಾಗ 128 ಬೈಟ್, ಎಚ್‌ಡಿಎಮ್‌ಐ ಇದ್ದರೆ ಸಾಮಾನ್ಯವಾಗಿ ಇನ್ನೊಂದು 128ರ ವಿಸ್ತರಣೆ. ಲಿನಕ್ಸಿನಲ್ಲಿ ಇದು ಪ್ರತಿ ಪೋರ್ಟಿಗೂ ಒಂದು ಫೈಲಾಗಿ ಸಿಗುತ್ತದೆ, ಇಡಿಐಡಿ-ಡಿಕೋಡ್ ಎಂಬ ಪ್ರೋಗ್ರಾಮ್ ಅದನ್ನು ಓದಿ ಹೇಳುತ್ತದೆ. ನಮ್ಮ ಮಾನಿಟರ್ ತಾನು ಆರ್‌ಜಿಬಿ ಬಲ್ಲೆ, ವೈಸಿಬಿಸಿಆರ್ 4:4:4, 4:2:2 ಕೂಡ ಬಲ್ಲೆ ಎಂದು ಹೇಳಿಕೊಂಡಿತ್ತು. ಆ ಲ್ಯಾಪ್‌ಟಾಪಿನ ಗ್ರಾಫಿಕ್ಸ್ ಡ್ರೈವರಿನ ಕೋಡ್ ತೆರೆದು ನೋಡಿದರೆ ಆಯ್ಕೆ ಅಲ್ಲೇ ಬರೆದಿತ್ತು: ಎಚ್‌ಡಿಎಮ್‌ಐ ಆಗಿದ್ದು, ಮಾನಿಟರ್ ವೈಸಿಬಿಸಿಆರ್ 4:4:4 ಬಲ್ಲೆ ಎಂದರೆ ಆರ್‌ಜಿಬಿಯ ಬದಲು ಅದನ್ನೇ ಕಳಿಸು. ಕಾಗದದ ಮೇಲೆ ಇದರಲ್ಲಿ ತಪ್ಪಿಲ್ಲ, 4:4:4ರಲ್ಲಿ ಬಣ್ಣ ಪೂರ್ತಿ ಇರುತ್ತದೆ. ಮಾನಿಟರ್ ಮಾತ್ರ ವೈಸಿಬಿಸಿಆರ್ ಬಂದ ಕೂಡಲೇ ಇದು ಸಿನಿಮಾ ಎಂದು ತಿಳಿದು, ಒಳಗೆ ತನ್ನ ಕತ್ತರಿ ಆಡಿಸುತ್ತಿತ್ತು. ಡ್ರೈವರ್ ನಂಬಿತು, ಮಾನಿಟರ್ ಹೆಚ್ಚು ಹೇಳಿಕೊಂಡಿತು.

ಮೊದಲೇ ಕೇಳಬೇಕಿದ್ದ ಪ್ರಶ್ನೆ ಈಗ ಕೇಳಿದೆ. ಮನೆಯವರ ಲ್ಯಾಪ್‌ಟಾಪ್ ಯಾವ ತಂತಿಯಲ್ಲಿ ಹೋಗುತ್ತದೆ? "ಅದಾ? ಅದರದ್ದು ಟೈಪ್-ಸಿ, ಮಾನಿಟರಿನ ಡಿಸ್‌ಪ್ಲೇಪೋರ್ಟಿಗೆ." ಆಪರೇಟಿಂಗ್ ಸಿಸ್ಟಮ್ ಬೇರೆ, ಗ್ರಾಫಿಕ್ಸ್ ಬೇರೆ, ಪೋರ್ಟ್ ಬೇರೆ. ಮೂರು ಬದಲಾದ ಹೋಲಿಕೆಯನ್ನು ಇಟ್ಟುಕೊಂಡು ಒಂದನ್ನು ಅಪರಾಧಿ ಮಾಡಿದ್ದೆವು.

ಸುಳ್ಳು ಪರಿಚಯಪತ್ರ

ಡ್ರೈವರಿನ ಆ ಸಾಲು ಎಚ್‌ಡಿಎಮ್‌ಐಗೆ ಮಾತ್ರ ಅನ್ವಯ. ಇವರ ಲ್ಯಾಪ್‌ಟಾಪಿನ ಟೈಪ್-ಸಿ ಪೋರ್ಟೂ ಚಿತ್ರ ಕಳಿಸಬಲ್ಲದು, ಹಾಗಾಗಿ ಡಿಸ್‌ಪ್ಲೇಪೋರ್ಟಿನಲ್ಲಿ ಹೋದರೆ ಆರ್‌ಜಿಬಿ ಹೋಗಬೇಕು. ಆದರೆ ಮನೆಯವರ ಕೇಬಲ್ ಅವರೊಂದಿಗೆ ಊರು ಬಿಟ್ಟಿತ್ತು, ಹೊಸತು ಬರಲು ಕೆಲವು ದಿನ ಬೇಕಿತ್ತು, ಕರಡು ಒಪ್ಪಿಸುವ ದಿನ ಹತ್ತಿರವಿತ್ತು. ಅಲ್ಲಿಯವರೆಗೆ ಇಡಿಐಡಿಯನ್ನೇ ತಿದ್ದೋಣ ಎಂದುಕೊಂಡೆವು. ಎಡವಟ್ಟಾದರೂ ಲ್ಯಾಪ್‌ಟಾಪಿನ ಸ್ವಂತ ಪರದೆ ಇದ್ದೇ ಇರುತ್ತದೆ ಎಂಬ ಧೈರ್ಯ. ಅದಿಲ್ಲದ ಡೆಸ್ಕ್‌ಟಾಪ್ ಕಂಪ್ಯೂಟರ್ ಆಗಿದ್ದರೆ ನಾನು ಈ ಕೆಲಸಕ್ಕೆ ಹೂಂ ಅನ್ನುತ್ತಿರಲಿಲ್ಲ.

ತಿದ್ದಿದ್ದು ನಾಲ್ಕೇ ಬೈಟ್. ಸೊನ್ನೆಯಿಂದ ಎಣಿಸಿದರೆ 24ನೆಯದರಲ್ಲಿ ಎರಡು ಬಿಟ್‌ಗಳು ಬಣ್ಣದ ಬಗೆ ಹೇಳುತ್ತವೆ. ಹೆಕ್ಸ್ ಎಂಬ ಹದಿನಾರರ ಎಣಿಕೆಯಲ್ಲಿ ಅಲ್ಲಿದ್ದ 3ಎ ಅನ್ನು 22 ಮಾಡಿದೆವು. ವಿಸ್ತರಣೆಯ ಮೂರನೆಯದು, ಅಂದರೆ ಫೈಲಿನ 131ನೆಯದು, ಎಫ್1 ಇತ್ತು. 4:4:4, 4:2:2 ಎರಡರ ಬಿಟ್ ಆರಿಸಿದರೆ ಸಿ1. ಪ್ರತಿ 128 ಬೈಟಿನ ಮೊತ್ತ 256ರಿಂದ ಶೇಷವಿಲ್ಲದೆ ಭಾಗವಾಗಬೇಕೆಂಬ ನಿಯಮವಿದೆ, ಅದಕ್ಕಾಗಿ ಕೊನೆಯ ಬೈಟುಗಳಾದ 127 ಮತ್ತು 255ನ್ನು ಕಳೆದಷ್ಟೇ ಏರಿಸಿದೆವು. ವಿಸ್ತರಣೆಯನ್ನೇ ಕಿತ್ತುಹಾಕುವ ಸುಲಭೋಪಾಯವೂ ಇದೆ, ಆದರೆ ಹಾಗೆ ಮಾಡಿದರೆ ಎಚ್‌ಡಿಎಮ್‌ಐನಲ್ಲಿ ಬರುವ ಧ್ವನಿಯೂ ಹೋಗುತ್ತದೆ.

ಫೈಲನ್ನು ಫರ್ಮ್‌ವೇರ್ ಫೋಲ್ಡರಿನ ಇಡಿಐಡಿ ಉಪಫೋಲ್ಡರಿಗೆ ಹಾಕಿ, ಆ ಪೋರ್ಟಿಗೆ ಇದನ್ನೇ ಓದು ಎಂಬ ಕರ್ನಲ್ ಆಯ್ಕೆಯನ್ನು, ಲಿನಕ್ಸನ್ನು ಬೂಟ್ ಮಾಡಿಸುವ ಗ್ರಬ್‌ನ ಸಾಲಿನಲ್ಲಿ ಮೊದಲಿಗೆ ಆ ಒಂದು ಸಲಕ್ಕೆ ಮಾತ್ರ ಬರೆದೆವು. ಕೆಟ್ಟರೆ ರೀಸ್ಟಾರ್ಟ್ ಮಾಡಿದರಾಯಿತು. ಬೂಟ್ ಆಯಿತು, ಪಟ್ಟೆಗಳು ಹಾಗೇ ನೇರಳೆ. ಊಹೆಯೇ ತಪ್ಪೇ ಎಂದು ಒಂದು ಕ್ಷಣ ಕೈಕಾಲು ಆಡಲಿಲ್ಲ. ಈ ಸಲ ಊಹೆಯ ಹಿಂದೆ ಹೋಗದೆ ಕರ್ನಲ್ ಲಾಗ್ ಓದಿದೆವು. ಫೈಲೇ ಸಿಗಲಿಲ್ಲ ಎಂದಿತ್ತು. ಡಿಸ್ಕ್ ಸಿದ್ಧವಾಗುವ ಮೊದಲೇ ಇನಿಟ್‌ರಾಮ್‌ಎಫ್‌ಎಸ್ ಎಂಬ ಪುಟ್ಟ ಗಂಟಿನಿಂದ ಗ್ರಾಫಿಕ್ಸ್ ಡ್ರೈವರ್ ಏಳುತ್ತದೆ, ನಮ್ಮ ಫೈಲ್ ಆ ಗಂಟಿನಲ್ಲಿರಲಿಲ್ಲ. ಸೇರಿಸಿ ಗಂಟನ್ನು ಹೊಸದಾಗಿ ಕಟ್ಟಿ ಮತ್ತೆ ಬೂಟ್ ಮಾಡಿದೆವು. ಬಂದ ಫೋಟೊದಲ್ಲಿ ನಿಂತ ಪಟ್ಟೆಗಳೂ ಕೆಂಪು, ನೀಲಿ ಎಂದು ಬೇರೆಯಾಗಿದ್ದವು. ಅದರ ಕೆಳಗೆ ಅವರು ಕಳಿಸಿದ ಸಂದೇಶ ಒಂದೇ ಪದ: "ಓದ್ತಿದೀನಿ."

ಕೇಬಲ್ ಬಂದ ದಿನ ಈ ತಿದ್ದುಪಡಿಯನ್ನು ಪೂರ್ತಿ ತೆಗೆಸಿದೆ. ಅವರಿಗೆ ಇಷ್ಟವಿರಲಿಲ್ಲ, ನಡೆಯುತ್ತಿರುವುದನ್ನು ಯಾಕೆ ಮುಟ್ಟಬೇಕು ಎಂದರು. ಆ ಫೈಲ್ ಆ ಒಂದು ಮಾನಿಟರಿನ ಪರಿಚಯಪತ್ರ, ಅದೂ ತಿದ್ದಿದ್ದು. ಬೂಟ್ ಆಯ್ಕೆ ಕಟ್ಟಿಹಾಕಿರುವುದು ಪೋರ್ಟಿಗೆ. ನಾಳೆ ಅದೇ ಪೋರ್ಟಿಗೆ ಪ್ರೊಜೆಕ್ಟರ್ ಚುಚ್ಚಿದರೆ ಲ್ಯಾಪ್‌ಟಾಪ್ ಅದನ್ನೂ ಈ ಮಾನಿಟರೆಂದೇ ತಿಳಿದು ಅದಕ್ಕೆ ಅರ್ಥವಾಗದ ಚಿತ್ರ ಕಳಿಸಬಹುದು. ಆಗ ಇದು ಯಾರ ನೆನಪಿನಲ್ಲೂ ಇರುವುದಿಲ್ಲ. ಡಿಸ್‌ಪ್ಲೇಪೋರ್ಟಿನಲ್ಲಿ ಯಾವ ಸೆಟ್ಟಿಂಗೂ ಇಲ್ಲದೆ ಪಟ್ಟೆಗಳು ಚೊಕ್ಕವಾಗಿ ಬಂದವು.

ಈಗ ಇಂಥ ಕರೆ ಬಂದರೆ ನಾನು ಮೊದಲು ಕೇಳುವುದು ಸ್ಕ್ರೀನ್‌ಶಾಟ್ ಮತ್ತು ಮೊಬೈಲ್ ಫೋಟೊ ಎರಡನ್ನೂ ಒಟ್ಟಿಗೆ, ಅದೂ ಕರಿ ಅಕ್ಷರ, ಕೆಂಪಕ್ಷರ ಎರಡೂ ಇರುವ ಪುಟದ್ದು. ಏನಾದರೂ ಒಂದು ಸರಿಹೋದ ಕೂಡಲೇ ಅವೇ ಎರಡನ್ನು ಮತ್ತೆ ತರಿಸುತ್ತೇನೆ. ಈ ಪ್ರಕರಣದಲ್ಲಿ ಇದ್ದದ್ದು ಎರಡು ತಪ್ಪು, ಒಂದು ಕೇಬಲಿನ ಈಚೆ, ಇನ್ನೊಂದು ಆಚೆ. ಮೊದಲನೆಯದರ ಬೂದಿಯ ಅಡಿಯಲ್ಲಿ ಎರಡನೆಯದು ಅಡಗಿತ್ತು.

ಇಷ್ಟೆಲ್ಲ ಆದ ಮೇಲೂ ಅವರ ಒಂದು ದೂರು ಉಳಿದಿದೆ: ಲ್ಯಾಪ್‌ಟಾಪಿನಷ್ಟು ನಯ ಇಲ್ಲವಲ್ಲ? ಇಲ್ಲ, ಇರುವುದೂ ಇಲ್ಲ. ಅಲ್ಲಿ ಇಂಚಿಗೆ 157 ಚುಕ್ಕೆ, ಇಲ್ಲಿ 109. ಅದಕ್ಕೆ ಯಾವ ಮೆನುವಿನಲ್ಲೂ ಮದ್ದಿಲ್ಲ ಎಂದೆ. ಮಾನಿಟರನ್ನು ಒಂದು ಗೇಣು ಹಿಂದಕ್ಕೆ ತಳ್ಳಿ ಕೂತಿದ್ದಾರೆ.